ಮೇಷ್ಟ್ರ ಮಾತಿನ ತಾರೀಖುಗಳು

ಆಸ್ಪತ್ರೆಯ ಹಿಂಬದಿಯ ಕಟ್ಟಡದಲ್ಲಿ, ಉದ್ದನೆಯ ಓಣಿಯ ತುದಿಗೆ ಮೂರು ಕೋಣೆಗಳಿದ್ದವು. ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡವರಿಗೆ ಅಲ್ಲಿ ಮತ್ತೆ ಮಾತು ಕಲಿಸುತ್ತಿದ್ದರು. ಕಲಿಸುವಾತ ಡಾಕ್ಟರಾಗಿರಲಿಲ್ಲ, ಆದರೂ ಇಡೀ ಆಸ್ಪತ್ರೆ ಅವರನ್ನು ‘ಮಾತಿನ ಡಾಕ್ಟ್ರು’ ಎಂದೇ ಕರೆಯುತ್ತಿತ್ತು. ಐವತ್ತೈದರ ಹತ್ತಿರದ ವಯಸ್ಸು, ಬಾಯಿ ಬಿಟ್ಟರೆ ಮುಚ್ಚದ ಸ್ವಭಾವ. “ಊರವರಿಗೆಲ್ಲ ಮಾತು ಹಂಚಿ ಬರ್ತೀರಲ್ಲ, ಮನೆಗೆ ಬಂದಾಗಲಾದ್ರೂ ಸ್ವಲ್ಪ ಖಾಲಿಯಾಗಿರಬಾರದಾ?” ಎಂದು ಅವರ ಹೆಂಡತಿ ಕೇಳುವುದಿತ್ತು.

ಡಾಕ್ಟ್ರ ಕೆಲಸ ಅಚ್ಚುಕಟ್ಟು. ಆದರೆ ಕಂಪ್ಯೂಟರಿನ ವಿಷಯಕ್ಕೆ ಬಂದರೆ ಅವರಷ್ಟು ಒಡ್ಡೊಡ್ಡಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ಪ್ರತಿ ರೋಗಿಗೂ ಪ್ರತಿ ಸಲವೂ ಅವೇ ಹತ್ತು ಚಿತ್ರಗಳನ್ನು ತೋರಿಸಿ, ಅವರು ಹೇಳಿದ್ದನ್ನು ಅಂಗೈಯಗಲದ ಒಂದು ಹಳೇ ರೆಕಾರ್ಡರಿನಲ್ಲಿ ಹಿಡಿದಿಡುತ್ತಿದ್ದರು. ಆ ರೆಕಾರ್ಡರು ಫೈಲುಗಳಿಗೆ ‘ಧ್ವನಿ 1’, ‘ಧ್ವನಿ 2’ ಎಂದು ತಾನೇ ಹೆಸರಿಡುತ್ತಿತ್ತು. ಅದನ್ನು ಖಾಲಿ ಮಾಡಿದಾಗಲೆಲ್ಲ ಮತ್ತೆ ಒಂದರಿಂದ ಶುರು. ಹಾಗಾಗಿ ಡಾಕ್ಟ್ರು ಅವನ್ನು ಎಲ್ಲರೂ ಬಳಸುವ ಶೇರ್ ಫೋಲ್ಡರಿಗೆ ಹಾಕುವಾಗ ‘ಹೊಸದು’, ‘ಇದೇ ಹೊಸದು’, ‘ಖಂಡಿತ ಹೊಸದು’ ಎಂಬ ಒಳಫೋಲ್ಡರುಗಳನ್ನು ಮಾಡಿ ತುರುಕುತ್ತಿದ್ದರು. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿಯಲು ಅವರಿಗಿದ್ದದ್ದು ಒಂದೇ ದಾರಿ: ಫೈಲಿನ ಪಕ್ಕದಲ್ಲಿ ಕಂಪ್ಯೂಟರು ತೋರಿಸುವ ತಾರೀಖು. ಒಂಬತ್ತು ವರ್ಷ ಆ ದಾರಿಯಲ್ಲಿ ಅವರು ಒಮ್ಮೆಯೂ ಎಡವಿರಲಿಲ್ಲ.

ಆ ವರ್ಷ ಅವರು ಹೆಚ್ಚು ಮನಸ್ಸಿಗೆ ಹಚ್ಚಿಕೊಂಡಿದ್ದ ರೋಗಿ ಒಬ್ಬ ಡ್ರಿಲ್ ಮೇಷ್ಟ್ರು. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ನಿಂತು ಕೂಗಿದ ಗಂಟಲು ಅವರದು. ಅವರು ಆ ತುದಿಯಲ್ಲಿ “ಸಾವಧಾನ್!” ಎಂದರೆ ರಸ್ತೆಯಾಚೆಯ ಬಸ್ ಸ್ಟಾಪಿನಲ್ಲಿ ನಿಂತವರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರಂತೆ. ಒಂದೂವರೆ ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈಯ ಜೊತೆ ಆ ಮಾತೂ ಹೋಗಿತ್ತು. ವಾರಕ್ಕೆ ಮೂರು ಸಲ ಹೆಂಡತಿಯ ಜೊತೆ ಬಂದು ಬೀಗದ ಚಿತ್ರ, ಕತ್ತರಿಯ ಚಿತ್ರ, ಕುದುರೆಯ ಚಿತ್ರದ ಮುಂದೆ ಬೆವರು ಸುರಿಸುತ್ತಿದ್ದರು. ಸುಧಾರಿಸಿದ್ದರು ಕೂಡ. ಆದರೆ ಅದು ಡಾಕ್ಟ್ರಿಗೆ ಕಾಣುತ್ತಿತ್ತೇ ಹೊರತು ಮೇಷ್ಟ್ರಿಗೆ ಕಾಣುತ್ತಿರಲಿಲ್ಲ.

ಹೋದ ಶುಕ್ರವಾರ ಮೇಷ್ಟ್ರು ಚಿತ್ರಗಳನ್ನು ಒಟ್ಟು ಮಾಡಿ ಮೇಜಿನ ಆಚೆಗೆ ತಳ್ಳಿದ್ದರು. ಎಡಗೈಯಲ್ಲಿ ಪೆನ್ಸಿಲು ಹಿಡಿದು, ಸೊಟ್ಟಪಟ್ಟ ಅಕ್ಷರದಲ್ಲಿ ‘ಸಾಕು’ ಎಂದು ಬರೆದಿದ್ದರು.

“ಮನೇಲೂ ಹೀಗೇ ಡಾಕ್ಟ್ರೆ,” ಎಂದರು ಅವರ ಹೆಂಡತಿ. “ಒಂದಿಷ್ಟೂ ಮುಂದೆ ಹೋಗಿಲ್ಲ ಅಂತ ತಲೆ ಆಡಿಸ್ತಾರೆ. ನಾನು ಹೋಗಿದೀರಿ ಅಂದ್ರೆ, ಸಮಾಧಾನಕ್ಕೆ ಹೇಳ್ತೀಯ ಅನ್ನೋ ಥರ ನೋಡ್ತಾರೆ.”

“ಮೇಷ್ಟ್ರೆ, ಒಂದು ಕೆಲಸ ಮಾಡೋಣ,” ಎಂದರು ಡಾಕ್ಟ್ರು. “ಬರೋ ಶುಕ್ರವಾರ ಒಂದು ಸಲ ಬನ್ನಿ. ನಿಮ್ಮ ಮೊದಲನೇ ದಿನದಿಂದ ಇವತ್ತಿನವರೆಗಿನದ್ದು ಸಾಲಾಗಿ ಹಾಕ್ತೀನಿ. ಕೇಳಿ. ಕೇಳಿದ ಮೇಲೂ ಸಾಕು ಅಂದ್ರೆ ನಾನು ಬಾಯಿಗೆ ಬೀಗ ಹಾಕ್ಕೋತೀನಿ.”

ಮೇಷ್ಟ್ರು ಅರೆಮನಸ್ಸಿನಿಂದ ತಲೆಯಾಡಿಸಿದ್ದರು.

ಸೋಮವಾರ ಬೆಳಿಗ್ಗೆ ನೋಡಿದರೆ ಶೇರ್ ಫೋಲ್ಡರೇ ಇಲ್ಲ. ಉಗ್ರಾಣದ ಮೂಲೆಯಲ್ಲಿ ಗುಂಯ್‌ಗುಡುತ್ತ ಕೂತಿದ್ದ ಸರ್ವರ್ ಪೆಟ್ಟಿಗೆಯೊಳಗೆ ಎರಡು ಡಿಸ್ಕುಗಳು ಒಟ್ಟಿಗೆ ಕೈಕೊಟ್ಟಿದ್ದವು.

ಅದನ್ನು ಸರಿಮಾಡಲು ಬಂದಾಕೆ ಕಂಪ್ಯೂಟರ್ ವಿಭಾಗದ ಹೆಂಗಸು. ನಲವತ್ತರ ಆಸುಪಾಸು, ಎಡ ಭುಜದಲ್ಲಿ ಸದಾ ಒಂದು ಭಾರದ ಚೀಲ. ಯಾರು ಏನೇ ಕೇಳಲಿ, ಆಕೆಯ ಮೊದಲ ಉತ್ತರ “ಒಂದ್ನಿಮಿಷ” ಎಂದಿರುತ್ತಿದ್ದರಿಂದ ಆಸ್ಪತ್ರೆಯಲ್ಲಿ ಆಕೆಯ ಹೆಸರೇ ‘ಒಂದ್ನಿಮಿಷ’ ಎಂದಾಗಿತ್ತು. ಆ ಹೆಸರು ಆಕೆಗೂ ಗೊತ್ತಿತ್ತು, ಬೇಸರವಿರಲಿಲ್ಲ. ಡಾಕ್ಟ್ರಿಗೆ ಮಾತ್ರ ಆಕೆಯ ನಿಧಾನ ಕಂಡರೆ ಮೈಯೆಲ್ಲ ಉರಿ. ಪ್ರಿಂಟರಿನ ಒಂದು ತಂತಿ ಸಿಕ್ಕಿಸುವ ಮುಂಚೆಯೂ ಅದರ ಎರಡೂ ತುದಿಯನ್ನು ದೀಪಕ್ಕೆ ಹಿಡಿದು ನೋಡುವ ಜಾತಿ ಎಂದು ಅವರು ಆಡಿಕೊಂಡದ್ದುಂಟು.

“ಹೆದರಬೇಡಿ ಸಾರ್,” ಎಂದಳು ಆಕೆ. “ಪಕ್ಕದ ಕಟ್ಟಡದಲ್ಲಿ ಬ್ಯಾಕಪ್ ಇದೆ. ಹೊಸ ಪೆಟ್ಟಿಗೆ ಇಟ್ಟು, ಅದಕ್ಕೆ ವಾಪಸ್ ತುಂಬಿಸ್ತೀನಿ.”

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಫೋನು ಬಂತು. ಎಲ್ಲಾ ಫೈಲೂ ವಾಪಸ್ ಬಂದಿದೆ, ಎಣಿಸಿ ನೋಡಿದ್ದೇನೆ, ಒಂದೂ ಕಡಿಮೆಯಿಲ್ಲ ಎಂದು. ಡಾಕ್ಟ್ರು ಹೋದ ಜೀವ ಬಂದಂತಾಗಿ ಕುರ್ಚಿ ಎಳೆದುಕೊಂಡು ಮೇಷ್ಟ್ರ ಫೋಲ್ಡರು ತೆರೆದರು. ಇನ್ನೂರ ಹನ್ನೆರಡು ಫೈಲು. ಮೊದಲನೆಯದನ್ನು ಒತ್ತಿದರು. ‘ಬಾಗಿಲು’ ಎಂದು ಮೇಷ್ಟ್ರ ಧ್ವನಿ ಸ್ಪಷ್ಟವಾಗಿ ಹೇಳಿತು. ಮೊದಲನೇ ದಿನ ಹೀಗೆಲ್ಲಿ ಹೇಳಿದ್ದರು? ಎರಡನೆಯದು ಒತ್ತಿದರು. ‘ಬಾ… ಬಾ…’ ಎಂಬ ಏದುಸಿರು. ಮೂರನೆಯದರಲ್ಲಿ ಬರೀ ಮೌನ. ನಾಲ್ಕನೆಯದರಲ್ಲಿ ಮತ್ತೆ ‘ಕುದುರೆ, ಕತ್ತರಿ’ ಎಂದು ಪಟಪಟ.

ಡಾಕ್ಟ್ರು ತಾರೀಖಿನ ಸಾಲಿನ ಕಡೆ ಕಣ್ಣು ಹಾಯಿಸಿದರು. ಇನ್ನೂರ ಹನ್ನೆರಡಕ್ಕೂ ಒಂದೇ ತಾರೀಖು: ಈ ಮಂಗಳವಾರ. ಸಮಯ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ, ಕೆಲವಕ್ಕೆ ನಲವತ್ತಮೂರು. ಬೇರೆ ರೋಗಿಗಳ ಫೋಲ್ಡರುಗಳನ್ನು ತೆರೆದರು. ಎಲ್ಲವೂ ಹಾಗೇ. ಒಂಬತ್ತು ವರ್ಷದ ಮಾತೆಲ್ಲ ಒಂದೇ ಬೆಳಿಗ್ಗೆ ಆಡಿದ್ದಾಗಿ ಹೋಗಿತ್ತು.

ಅವರು ಮೊದಲು ಫೋನು ಮಾಡಿದ್ದು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಿಗೆ.

“ಫೈಲೆಲ್ಲಾ ಬಂತಲ್ವಾ ಸಾರ್?” ಎಂದರು ಮುಖ್ಯಸ್ಥರು.

“ಬಂತು.”

“ತೆರೆಯುತ್ತಲ್ವಾ?”

“ತೆರೆಯುತ್ತೆ. ಆದ್ರೆ ತಾರೀಖು—”

“ತಾರೀಖು ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀರಾ ಸಾರ್? ಇನ್ಮೇಲಿಂದ ಫೈಲಿಗೆ ಸರಿಯಾಗಿ ಹೆಸರಿಡಿ.” ಫೋನು ಇಟ್ಟೇಬಿಟ್ಟರು. ಹೆಸರಿನ ವಿಷಯದಲ್ಲಿ ಅವರು ಹೇಳಿದ್ದು ನಿಜವೇ ಆದ್ದರಿಂದ ಡಾಕ್ಟ್ರಿಗೆ ಇನ್ನಷ್ಟು ಸಿಟ್ಟು ಬಂತು.

ಅವರು ನೇರ ಆಕೆಯ ಕೋಣೆಗೇ ನಡೆದರು. ಆಕೆ ಒಂದು ಕೀಲಿಮಣೆಯನ್ನು ಬೋರಲು ಹಾಕಿ ಕಸ ಉದುರಿಸುತ್ತಿದ್ದಳು. ಡಾಕ್ಟ್ರು ಒಂದೇ ಉಸಿರಿನಲ್ಲಿ ಮೇಷ್ಟ್ರು, ಶುಕ್ರವಾರ, ತಾವು ಕೊಟ್ಟ ಮಾತು, ಬಾಗಿಲು, ಕುದುರೆ ಎಲ್ಲವನ್ನೂ ಹೇಳಿದರು. ಆಕೆ ನಡುವೆ ಬಾಯಿ ಹಾಕಲಿಲ್ಲ. ಪೂರ್ತಿ ಕೇಳಿ, ತನ್ನ ಪರದೆಯ ಮೇಲೆ ಆ ಫೋಲ್ಡರನ್ನು ತೆರೆದು ನೋಡಿದಳು. ಬಣ್ಣಗೆಟ್ಟ ಮುಖದಲ್ಲಿ ಗೋಡೆಯ ಗಡಿಯಾರ ನೋಡಿದಳು. ಐದೂ ನಲವತ್ತು.

ಮರುಕ್ಷಣ ಆಕೆ ಓಡುತ್ತಿದ್ದಳು. ಒಂದ್ನಿಮಿಷ ಓಡಿದ್ದನ್ನು ಆ ಆಸ್ಪತ್ರೆಯಲ್ಲಿ ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಓಣಿಯಲ್ಲಿ ಗಾಲಿಕುರ್ಚಿ ತಳ್ಳುತ್ತಿದ್ದ ಆಯಾ ಗೋಡೆಗೆ ಅಂಟಿ ನಿಂತಳು. ಅಂಗಳ ದಾಟಿ, ಪಕ್ಕದ ಕಟ್ಟಡದ ಮೆಟ್ಟಿಲು ಹತ್ತಿ, ಒಂದು ಬೀಗ ತೆಗೆದು, ಆಕೆ ಬ್ಯಾಕಪ್ ಯಂತ್ರದ ಮುಂದೆ ಕೂತಳು. ಡಾಕ್ಟ್ರು ಏದುಸಿರು ಬಿಡುತ್ತ ಬಂದು ಬಾಗಿಲಿಗೆ ಆತುಕೊಳ್ಳುವ ಹೊತ್ತಿಗೆ ಆಕೆ ಕೈ ಕೆಳಗಿಳಿಸಿದ್ದಳು.

“ನಿಲ್ಲಿಸ್ದೆ,” ಎಂದಳು.

“ಏನನ್ನ?”

“ಈ ಯಂತ್ರ ದಿನಾ ಸಂಜೆ ಆರಕ್ಕೆ ತಾನಾಗೇ ಓಡುತ್ತೆ ಸಾರ್. ಶೇರಿನಲ್ಲಿ ಹೊಸ ತಾರೀಖಿನ ಫೈಲ್ ಕಂಡ್ರೆ, ಓ ಇದು ಬದಲಾಗಿದೆ ಅಂದ್ಕೊಂಡು, ಹಳೇದರ ಮೇಲೆ ಇದನ್ನೇ ಬರೆದುಬಿಡುತ್ತೆ. ನಿಮ್ಮ ನಿಜವಾದ ತಾರೀಖುಗಳು ಈಗ ಉಳಿದಿರೋದು ಈ ಒಂದೇ ಕಡೆ. ಆರು ಗಂಟೆ ಆಗಿದ್ರೆ ಇಲ್ಲೂ ಹೋಗಿರ್ತಿತ್ತು.”

ಡಾಕ್ಟ್ರು ಗಡಿಯಾರ ನೋಡಿದರು. ಆರಕ್ಕೆ ಒಂಬತ್ತು ನಿಮಿಷ. ಅವರು ಅಲ್ಲೇ ಇದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕುಸಿದು ಕೂತರು.

ಆಕೆ ಆಮೇಲೆ ಇನ್ನೊಂದು ಕೆಲಸ ಮಾಡಿದಳು. ಬೆಳಗಿನ ಕೆಲಸದ ವರದಿಯನ್ನು ತೆರೆದು ಮೊದಲ ಸಾಲಿನಿಂದ ಓದತೊಡಗಿದಳು. ಸಾವಿರಾರು ಸಾಲು. ಸ್ವಲ್ಪ ಹೊತ್ತಿಗೆ ಬೆರಳಿಟ್ಟು ತೋರಿಸಿದಳು. “ಇಲ್ನೋಡಿ. ತಾರೀಖನ್ನೂ ಹಾಗೇ ಉಳಿಸು ಅಂತ ನಾನು ಹೇಳಿದ್ದೆ. ಹೊಸ ಪೆಟ್ಟಿಗೆ ಪ್ರತಿ ಫೈಲಿಗೂ ‘ತಾರೀಖು ಬದಲಾಯಿಸಲು ಅನುಮತಿ ಇಲ್ಲ’ ಅಂತ ಬರೆದಿದೆ. ಕೊನೇ ಸಾಲಲ್ಲಿ ‘ಮುಗಿಯಿತು’ ಅಂತಿತ್ತು. ನಾನು ಅದೊಂದನ್ನೇ ಓದಿ ನಂಬಿಬಿಟ್ಟೆ. ತಪ್ಪು ನನ್ನದು ಸಾರ್. ಎಲ್ಲಾ ವಾಪಸ್ ಬಂದಿದೆ ಅಂದೆ, ಎಲ್ಲಾ ಬಂದಿರಲಿಲ್ಲ.”

ಡಾಕ್ಟ್ರು ತಮ್ಮ ಮೂವತ್ತು ವರ್ಷದ ನೌಕರಿಯಲ್ಲಿ, ಯಾರೂ ಒತ್ತಾಯಿಸದೆ ಹೀಗೆ ತಪ್ಪೊಪ್ಪಿಕೊಂಡವರನ್ನು ಬೆರಳೆಣಿಕೆಯಷ್ಟೇ ಕಂಡಿದ್ದರು. ಬಯ್ಯಬೇಕೆಂದು ಕೂಡಿಸಿಟ್ಟುಕೊಂಡಿದ್ದೆಲ್ಲ ಗಂಟಲಲ್ಲೇ ಕರಗಿತು.

ಬುಧವಾರ ಬೆಳಿಗ್ಗೆ ರೋಗಿಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಅವರು ಉಗ್ರಾಣದ ಬಾಗಿಲಲ್ಲಿ ಹೋಗಿ ನಿಂತರು. ಔಷಧದ ಖಾಲಿ ಡಬ್ಬಗಳ ನಡುವೆ ಒಂದು ಸ್ಟೂಲು ಹಾಕಿಕೊಂಡು ಆಕೆ ಕೂತಿದ್ದಳು. ಬ್ಯಾಕಪ್ಪಿನ ಒಂದು ಪ್ರತಿಯನ್ನು ಡಿಸ್ಕಿಗೆ ಇಳಿಸಿ, ಕೈಯಲ್ಲೇ ಹೊತ್ತು ತಂದು, ಹೊಸ ಪೆಟ್ಟಿಗೆಗೆ ನೇರ ತಂತಿ ಹಾಕಿದ್ದಳು.

“ನೆಟ್‌ವರ್ಕಿನಲ್ಲಿ ಹೋದಾಗ ನಾನು ಈ ಮನೆಗೆ ಬಂದ ನೆಂಟಳ ಹಾಗೆ ಸಾರ್. ಸಾಮಾನು ಇಡಬಹುದು, ಆದ್ರೆ ಅದರ ಮೇಲಿನ ಚೀಟಿ ಬದಲಾಯಿಸೋಕೆ ಬಿಡಲ್ಲ. ಅದಕ್ಕೆ ಈಗ ಯಜಮಾನಿಯಾಗೇ ಒಳಗೆ ಬಂದಿದೀನಿ.”

“ಸರಿ, ಹಾಗಾದ್ರೆ ಒತ್ತಿಬಿಡಿ, ಎಲ್ಲಾ ಒಂದೇ ಸಲ ಬರಲಿ!”

“ಒಂದ್ನಿಮಿಷ.”

ಆಕೆ ಹನ್ನೊಂದು ಸಾವಿರ ಫೈಲುಗಳಲ್ಲಿ ಮೂರೇ ಮೂರನ್ನು ಆರಿಸಿ, ಬೇರೊಂದು ಖಾಲಿ ಫೋಲ್ಡರಿಗೆ ಹಾಕಿ ನೋಡಿದಳು. ತಾರೀಖು ಬಂದಿತ್ತು. ಹೋದ ವರ್ಷದ್ದು ಹೋದ ವರ್ಷದ್ದಾಗಿ, ಅದರ ಹಿಂದಿನದು ಹಿಂದಿನದಾಗಿ. ಡಾಕ್ಟ್ರು ಚಪ್ಪಾಳೆ ತಟ್ಟಿಯೇಬಿಟ್ಟರು. ಆಕೆ ಮಾತ್ರ ಹುಬ್ಬು ಗಂಟಿಕ್ಕಿ, “ಸಾರ್, ನೀವು ರಾತ್ರಿ ಹನ್ನೆರಡೂ ಕಾಲಿಗೆ ಯಾರಿಗಾದ್ರೂ ಮಾತು ಕಲಿಸಿದೀರಾ?” ಎಂದು ಕೇಳಿದಳು.

“ರಾತ್ರಿ ಹನ್ನೆರಡೂ ಕಾಲಿಗೆ ನಾನು ಗೊರಕೆ ಹೊಡೀತಿರ್ತೀನಿ. ಬೇಕಾದ್ರೆ ನನ್ನ ಹೆಂಡತಿ ಸಾಕ್ಷಿ ಹೇಳ್ತಾಳೆ.”

“ಹಾಗಾದ್ರೆ ಇದು ಸಂಜೆ ಆರೂ ಮುಕ್ಕಾಲಿಂದು. ಐದೂವರೆ ಗಂಟೆ ಮುಂದಕ್ಕೆ ಜಿಗಿದಿದೆ. ಆ ಡಿಸ್ಕಲ್ಲಿರೋದು ನಮ್ಮ ಗೋಡೆ ಗಡಿಯಾರದ ಸಮಯ, ಹೊಸ ಪೆಟ್ಟಿಗೆ ಅದನ್ನ ಯಾವುದೋ ಬೇರೆ ದೇಶದ ಸಮಯ ಅಂದ್ಕೊಂಡು ಲೆಕ್ಕ ಹಾಕಿದೆ.”

“ಹೋಗ್ಲಿ ಬಿಡಿ ಮೇಡಂ. ಸಾಲು ಸರಿಯಾಗಿದ್ರೆ ಆಯ್ತು. ಎಲ್ಲದಕ್ಕೂ ಐದೂವರೆ ಗಂಟೆ ಜಾಸ್ತಿ ಆದ್ರೆ ಯಾರ ಗಂಟು ಹೋಗುತ್ತೆ?”

“ಸಂಜೆಯದ್ದೆಲ್ಲ ಮಾರನೇ ದಿನಕ್ಕೆ ಹೋಗಿ ಕೂತಿದೆ ಸಾರ್. ಅದು ಆ ದಿನ ಆಡಿದ ಮಾತಲ್ವಲ್ಲ,” ಎಂದಳು. ದನಿ ಏರಿಸಲಿಲ್ಲ. ಮೂರೂ ಫೈಲು ಅಳಿಸಿ, ಪೆಟ್ಟಿಗೆಯ ಗಡಿಯಾರಕ್ಕೆ ಯಾವ ಊರಿನ ಸಮಯ ಎಂದು ತಿಳಿಹೇಳಿ, ಮತ್ತೆ ಹಾಕಿದಳು. ಆರೂ ಮುಕ್ಕಾಲು. ಆಮೇಲೆ ಮೂವತ್ತು ಫೈಲು ಹಾಕಿ ನೋಡಿದಳು. ಆಮೇಲಷ್ಟೇ ಉಳಿದದ್ದು.

ಅಷ್ಟಕ್ಕೂ ಮುಗಿಯಲಿಲ್ಲ. ಫೈಲುಗಳೆಲ್ಲ ಬಂದ ಮೇಲೆ ಫೋಲ್ಡರುಗಳ ಸರದಿ. ಒಳಗೆ ಒಂದೊಂದು ಫೈಲು ಇಟ್ಟಾಗಲೂ ಹೊರಗಿನ ಫೋಲ್ಡರಿನ ತಾರೀಖು ಹೊಸದಾಗುತ್ತದಂತೆ. ಆದ್ದರಿಂದ ಅವನ್ನು ಕಟ್ಟಕಡೆಗೆ, ಅದೂ ತೀರಾ ಒಳಗಿನದರಿಂದ ಹೊರಕ್ಕೆ ಬರುತ್ತ ಸರಿಮಾಡಬೇಕಂತೆ. ‘ಖಂಡಿತ ಹೊಸದು’, ಆಮೇಲೆ ‘ಇದೇ ಹೊಸದು’, ಆಮೇಲೆ ‘ಹೊಸದು’. ಆ ಹೆಸರುಗಳನ್ನು ಆಕೆ ಗಟ್ಟಿಯಾಗಿ ಓದುವಾಗ ಡಾಕ್ಟ್ರು ನಾಚಿಕೆಯಿಂದ ಮುಖ ತಿರುಗಿಸಿದರು. ಆಕೆ ನಗಲಿಲ್ಲ. ಯಾರೂ ಫೋಲ್ಡರಿನ ತಾರೀಖು ನೋಡುವುದಿಲ್ಲ ಎಂದು ಅವರಿಗೂ ಗೊತ್ತಿತ್ತು, ಆಕೆಗೂ ಗೊತ್ತಿತ್ತು. ಆದರೂ ಆಕೆ ಮಾಡಿದಳು. ಡಾಕ್ಟ್ರಿಗೆ ಆಗ ಅನ್ನಿಸಿತು: ತಾನು ಇಷ್ಟು ವರ್ಷ ನಿಧಾನ ಎಂದು ಹೀಯಾಳಿಸಿದ್ದು ನಿಧಾನವಾಗಿರಲಿಲ್ಲ. ಹಾದಿಯ ಯಾವ ಹೆಜ್ಜೆಯನ್ನೂ ಹಾರದೆ ನಡೆಯುವವರು ಹಾರುವವರ ಕಣ್ಣಿಗೆ ಹೀಗೇ ಕಾಣುತ್ತಾರೇನೋ.

ಗುರುವಾರ ಆಕೆ ಖುದ್ದಾಗಿ ಡಾಕ್ಟ್ರ ಕೋಣೆಗೆ ಬಂದಳು. “ನನ್ನ ಯಂತ್ರ ಸರಿ ಅಂತಿದೆ. ಹೋದ ಸಲವೂ ಹಾಗೇ ಅಂದಿತ್ತು. ನಿಮ್ಮ ಹತ್ರ ಕಾಗದದಲ್ಲಿ ಏನಾದ್ರೂ ಇದೆಯಾ?”

ಇತ್ತು. ಮುಂಬಾಗಿಲಲ್ಲಿ ಕೂರುವ ಗುಮಾಸ್ತೆ ಬರೆದಿಡುವ ಸರದಿ ಪುಸ್ತಕ. ಯಾವ ದಿನ, ಎಷ್ಟು ಗಂಟೆಗೆ, ಯಾವ ರೋಗಿ. ಡಾಕ್ಟ್ರು ಕಣ್ಣುಮುಚ್ಚಿ ಪುಟ ತೆರೆದು ಬೆರಳಿಟ್ಟಲ್ಲಿನ ಸಾಲು ಓದುವುದು, ಆಕೆ ಪರದೆಯಲ್ಲಿ ಆ ಫೈಲು ಹುಡುಕುವುದು. ಒಂದು, ಎರಡು, ಹತ್ತು, ಇಪ್ಪತ್ತು. ಎಲ್ಲವೂ ಕೂಡಿಬಂದವು. ಇಪ್ಪತ್ತಾರನೆಯದು ಕೂಡಲಿಲ್ಲ. ಪುಸ್ತಕದಲ್ಲಿ ಮೇಷ್ಟ್ರ ಹೆಸರು ಬುಧವಾರದ ಮುಂದಿತ್ತು, ಫೈಲು ಗುರುವಾರದ್ದೆನ್ನುತ್ತಿತ್ತು.

“ಇರ್ಲಿ ಬಿಡಿ,” ಎನ್ನಲು ಬಾಯಿ ತೆರೆದ ಡಾಕ್ಟ್ರು ಹಾಗೇ ಮುಚ್ಚಿಕೊಂಡರು. ಆಕೆಯ ಮುಖ ಸಣ್ಣಗಾಗಿತ್ತು. ಒಂದು ದಿನ ತಪ್ಪಿದೆ ಎಂದರೆ ಹನ್ನೊಂದು ಸಾವಿರದಲ್ಲಿ ಇನ್ನೆಷ್ಟು ತಪ್ಪಿದೆಯೋ ಎಂದು ಆಕೆ ಯೋಚಿಸುತ್ತಿರುವುದು ಅವರಿಗೆ ತಿಳಿಯಿತು. ಅವರು ಫೋನು ತೆಗೆದು ಮೇಷ್ಟ್ರ ಹೆಂಡತಿಗೆ ಹಚ್ಚಿ, ಆ ತಾರೀಖು ಹೇಳಿ ಕೇಳಿದರು.

“ಅಯ್ಯೋ, ಆ ಬುಧವಾರ ಮರೆಯೋಕಾಗುತ್ತಾ?” ಎಂದು ಅತ್ತಲಿಂದ ದನಿ ಬಂತು. “ಅವತ್ತು ನನ್ನ ದವಡೆ ಹಲ್ಲು ಕಿತ್ತಿದ್ರು. ಕೆನ್ನೆ ಊದಿಕೊಂಡು, ನಾವಿಬ್ಬರೂ ಮಾತಾಡದೆ ಕೂತಿದ್ವಿ ಮನೇಲಿ. ಮಾರನೇ ದಿನ ಬಂದ್ವಲ್ಲ ಡಾಕ್ಟ್ರೆ, ನೀವೇ ಬನ್ನಿ ಅಂದಿದ್ರಿ.”

ಗುಮಾಸ್ತೆ ಹಳೆಯ ಸಾಲನ್ನು ಹೊಡೆದುಹಾಕಲು ಮರೆತಿದ್ದಳು, ಅಷ್ಟೇ. ತಪ್ಪಿದ್ದು ಪುಸ್ತಕ. ಫೈಲು ಸರಿಯಾಗಿಯೇ ಹೇಳಿತ್ತು. ಪರದೆಯ ಮುಂದಿದ್ದ ಆಕೆ ಅದನ್ನು ಕೇಳಿ ಬೆನ್ನು ಕುರ್ಚಿಗೆ ಆನಿಸಿ ಉಸಿರು ಬಿಟ್ಟಳು. ಮೂರು ದಿನದಲ್ಲಿ ಮೊದಲ ಸಲ ನಕ್ಕಳು.

“ಇನ್ನು ನಾಲ್ಕು ಓದಿ ಸಾರ್. ಮೂವತ್ತು ಆಗ್ಲಿ.”

ಶುಕ್ರವಾರ ಹತ್ತಕ್ಕೆ ಮೇಷ್ಟ್ರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ನೆಟ್ಟಗಿನ ಬೆನ್ನು, ಗಂಟು ಹಾಕಿದ ಮುಖ. ಡಾಕ್ಟ್ರು ಯಾವ ಪೀಠಿಕೆಯನ್ನೂ ಹಾಕದೆ ಮೊದಲನೇ ದಿನದ ಫೈಲನ್ನು ಒತ್ತಿದರು.

ಮೌನ. ಡಾಕ್ಟ್ರ ಧ್ವನಿ: “ಇದೇನು ಮೇಷ್ಟ್ರೆ?” ಮತ್ತೆ ಮೌನ. ಕುರ್ಚಿ ಕಿರುಗುಟ್ಟುವ ಸದ್ದು. ಕೊನೆಗೆ ಗಂಟಲಿನಿಂದ ಹೊರಟ ಒಂದು ‘ಹ್ಞೂ’. ಹತ್ತು ಚಿತ್ರಕ್ಕೂ ಅಷ್ಟೇ.

ಮೇಷ್ಟ್ರು ಪರದೆಯ ಮೇಲಿನ ತಾರೀಖನ್ನು ದಿಟ್ಟಿಸಿದರು. ಮೂರನೇ ವಾರ: ‘ಬಾ… ಬಾ…’ ಎರಡನೇ ತಿಂಗಳು: ‘ಬಾಗಿ…’ ಅಲ್ಲಿಗೆ ನಿಂತಿತು. ಮೇಷ್ಟ್ರ ತುಟಿ ಅಲುಗಿತು. ನಾಲ್ಕನೇ ತಿಂಗಳಿನದರಲ್ಲಿ ಅವರು ಬೀಗದ ಚಿತ್ರ ನೋಡಿ, ಬೀಗ ಎನ್ನುವ ಬದಲು ಹೆಂಡತಿಯನ್ನು ಮನೆಯಲ್ಲಿ ಮಾತ್ರ ಕರೆಯುವ ಮುದ್ದಿನ ಹೆಸರನ್ನು ಹೇಳಿಬಿಟ್ಟಿದ್ದರು. ಅದು ಹೊರಬಿದ್ದದ್ದೇ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ಅದನ್ನೂ ಇಟ್ಟಿದೀರಾ?” ಎಂದು ನಕ್ಕರು. ಕಣ್ಣು ಮಾತ್ರ ತುಂಬಿಕೊಂಡಿತ್ತು.

ಏಳನೇ ತಿಂಗಳಲ್ಲಿ ‘ಕತ್ತರಿ’ ಎಂಬುದು ‘ತಕ್ಕರಿ’ ಎಂದು ಬಂತು.

“ತ… ತಪ್ಪು!” ಎಂದರು ಮೇಷ್ಟ್ರು, ಬೆರಳು ಪರದೆಯತ್ತ ಚಾಚಿ.

ಮುಂದಿನದು. ‘ಕು… ದುರೆ.’ ಪಿಸುದನಿ.

“ಜೋರಾಗಿ!” ಎಂದರು ಮೇಷ್ಟ್ರು. ತಾವು ಬೈಯುತ್ತಿರುವುದು ತಮ್ಮನ್ನೇ ಎಂಬುದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ. ಮೈದಾನದ ಮೂಲೆಯಲ್ಲಿ ಕಾಲೆಳೆಯುತ್ತಿರುವ ಯಾವನೋ ಹುಡುಗನನ್ನು ನೋಡುವ ಹಾಗೆ ನೋಡುತ್ತಿದ್ದರು. ಆ ಹುಡುಗ ತಿಂಗಳಿಂದ ತಿಂಗಳಿಗೆ ಹತ್ತಿರ ಬರುತ್ತಿದ್ದ, ಬಿದ್ದು ಎದ್ದು ಬರುತ್ತಿದ್ದ. ಹದಿನೆಂಟನೇ ತಿಂಗಳಿನದು ಮುಗಿದಾಗ ಮೇಷ್ಟ್ರು ಎಡಗೈಯಿಂದ ಚಿತ್ರಗಳ ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು.

ಹೊರಡುವಾಗ ಓಣಿಯಲ್ಲಿ ಒಂದ್ನಿಮಿಷ ಎದುರಾದಳು. ಪ್ರಯೋಗಾಲಯದ ಯಾವುದೋ ಪ್ರಿಂಟರಿನ ಕೆಲಸಕ್ಕೆ ಹೊರಟಿದ್ದಳು. ಡಾಕ್ಟ್ರು ಆಕೆಯನ್ನು ನಿಲ್ಲಿಸಿ, “ಮೇಷ್ಟ್ರೆ, ನಿಮ್ಮ ತಾರೀಖುಗಳನ್ನ ವಾಪಸ್ ತಂದವರು ಇವರೇ,” ಎಂದರು. ಮೇಷ್ಟ್ರ ಹೆಂಡತಿ ಆಕೆಯ ಕೈಹಿಡಿದು ಬಾಯ್ತುಂಬ ಹೊಗಳಿದರು. ಮೇಷ್ಟ್ರೂ ಏನೋ ಹೇಳಲು ಹೊರಟರು. ತುಟಿ ತೆರೆಯಿತು, ಮುಚ್ಚಿತು. ಹಣೆಯಲ್ಲಿ ನರ ಉಬ್ಬಿತು.

ಇಂಥ ಹೊತ್ತಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಏನು ಮಾಡುತ್ತಾರೆಂದು ಡಾಕ್ಟ್ರಿಗೆ ಗೊತ್ತಿತ್ತು. ಪರವಾಗಿಲ್ಲ ಬಿಡಿ ಎನ್ನುತ್ತಾರೆ. ಇಲ್ಲವೇ ಆ ಮಾತನ್ನು ತಾವೇ ಮುಗಿಸಿಕೊಡುತ್ತಾರೆ. ತಮ್ಮ ಬಳಿ ತರಬೇತಿಗೆ ಬಂದವರಿಗೆ ಆ ಅಭ್ಯಾಸ ಬಿಡಿಸಲು ಅವರಿಗೆ ಎರಡು ವರ್ಷ ಹಿಡಿಯುತ್ತಿತ್ತು. ಈಕೆ ಸುಮ್ಮನೆ ನಿಂತಳು. ಭುಜದ ಮೇಲೆ ಚೀಲ ಜಗ್ಗುತ್ತಿತ್ತು, ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಆಕೆ ಅತ್ತ ಕಣ್ಣೂ ಹಾಯಿಸಲಿಲ್ಲ. ಮೇಷ್ಟ್ರ ಮುಖವನ್ನೇ ನೋಡುತ್ತ, ಬರುವುದು ಬಂದೇ ಬರುತ್ತದೆ ಎಂಬಂತೆ ಕಾದಳು. ಯಾರಿಂದ ಕಲಿತಳೋ ಇದನ್ನು, ಎಂದುಕೊಂಡರು ಡಾಕ್ಟ್ರು.

“ಚೀ… ಚೀಲ,” ಎಂದರು ಮೇಷ್ಟ್ರು ಕೊನೆಗೆ. ಒಂದು ಉಸಿರು ತೆಗೆದುಕೊಂಡರು. “ಇನ್ನೊಂದು… ಭುಜ.”

ಮೇಷ್ಟ್ರ ಹೆಂಡತಿ ಹಣೆ ಚಚ್ಚಿಕೊಂಡರು. “ಅಯ್ಯೋ ರಾಮ, ಥ್ಯಾಂಕ್ಸ್ ಹೇಳ್ತಾರೆ ಅಂದ್ಕೊಂಡ್ರೆ!”

ಆಕೆ ಚೀಲವನ್ನು ಬಲ ಭುಜಕ್ಕೆ ಬದಲಾಯಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿ ನಿಂತಳು. ಮೇಷ್ಟ್ರು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಸರಿಯಾಯಿತು ಎಂಬಂತೆ ತಲೆಯಾಡಿಸಿದರು. ಆಮೇಲೆ ಗುಮಾಸ್ತೆಯ ಮೇಜಿನತ್ತ ನಡೆದು, ಸೋಮವಾರದ ಸಾಲಿನ ಮೇಲೆ ಬೆರಳಿಟ್ಟು, ಅವಳು ತಮ್ಮ ಹೆಸರು ಬರೆಯುವವರೆಗೂ ಅಲ್ಲಿಂದ ಕದಲಲಿಲ್ಲ.